ಎರಡು ಹಾರ್ನಿಗೆ ಒಂದೇ ನಂಬರು

ಮದುವೆಯಾಗಿ ಸೊರಬದಿಂದ ಶಿಕಾರಿಪುರಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಸೋಲ್ಡರಿಂಗ್ ಐರನ್ನೂ ಇತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ಸೊಸೆ ಎಂದು ನಮ್ಮತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಆದರೆ ಮನೆಯ ಮಿಕ್ಸಿ ಕೆಟ್ಟರೆ ಮಾತ್ರ, "ನೀ ಮುಟ್ಟಬ್ಯಾಡ, ಅವ್ನು ಬರ್ಲಿ" ಅನ್ನುತ್ತಿದ್ದರು. ಅವನು ಅಂದರೆ ನನ್ನ ಗಂಡ. ಬಸ್ ಸ್ಟ್ಯಾಂಡಿನ ಹತ್ತಿರ ಇವರದೊಂದು ರೇಡಿಯೋ, ಟೇಪ್ ರೆಕಾರ್ಡರ್, ಟಿ.ವಿ. ರಿಪೇರಿ ಅಂಗಡಿ. ಇವರಿಗೆ ಮಾತು ಚೆನ್ನಾಗಿ ಬರುತ್ತಿತ್ತು, ನನಗೆ ಬೆಸುಗೆ. ಹಾಗಾಗಿ ಇವರು ಗಲ್ಲಾಪೆಟ್ಟಿಗೆಯ ಮುಂದೆ ಕೂತರು, ನಾನು ಹಿಂದಿನ ಪರದೆಯ ಆಚೆ ಕೂತೆ. ಅಂಗಡಿ ಚೆನ್ನಾಗಿಯೇ ನಡೆಯಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಮ್ಮೆ ಇವರು ಬೆಂಗಳೂರಿಗೆ ಸಾಮಾನು ತರಲು ಹೋದವರು ಬೆಂಕಿಪೊಟ್ಟಣದಷ್ಟು ಚಿಕ್ಕ ಬೋರ್ಡುಗಳ ಒಂದು ಗಂಟನ್ನು ಹೊತ್ತು ತಂದರು. ಕಳಿಸುವ ಬೋರ್ಡು ಒಂದು, ಕೇಳಿಸಿಕೊಳ್ಳುವ ಬೋರ್ಡು ಇನ್ನೊಂದು. ನಡುವೆ ತಂತಿಯಿಲ್ಲ. ಒಂದು ಕೂಗಳತೆ ದೂರ ಕೆಲಸ ಮಾಡುತ್ತದೆ ಎಂದು ಅಂಗಡಿಯವನು ಹೇಳಿದನಂತೆ.

"ಇದನ್ನ ಯಾರು ಕೇಳಿದ್ರು?" ಅಂದೆ.

"ಯಾರೂ ಕೇಳಿಲ್ಲ. ಚಂದ ಕಂಡ್ವು, ತಂದೆ" ಅಂದರು. ಸಂತೆಯಲ್ಲಿ ಪೀಪಿ ಕೊಂಡ ಮಗುವಿನ ಮುಖ ಮಾಡಿಕೊಂಡು ನಿಂತಿದ್ದರು. ಬೈಯಲು ಮನಸ್ಸಾಗಲಿಲ್ಲ, ಏಕೆಂದರೆ ನನಗೂ ಅವು ಚಂದ ಕಂಡವು.

ಮೊದಲ ಪ್ರಯೋಗ ಅತ್ತೆಯ ಮೇಲೆ ನಡೆಯಿತು. ಅವರು ಅಡುಗೆಮನೆಯ ಸ್ವಿಚ್ಚಿನ ಕಡೆ ಕೈ ಚಾಚುವಷ್ಟರಲ್ಲಿ ದೀಪ ತಾನಾಗಿ ಹತ್ತುವ ಹಾಗೆ ಮಾಡಿದೆ. ಅತ್ತೆ ಬೆಚ್ಚಿ, ಆಮೇಲೆ ಭಕ್ತಿಯಿಂದ ದೀಪಕ್ಕೆ ಕೈ ಮುಗಿದರು. ಕೆಲವು ದಿನ ಹಾಗೇ ನಡೆಯಿತು. ಒಂದು ಸಂಜೆ ನನ್ನ ಸೆರಗಿನಡಿಯ ಗುಂಡಿ ಅವರ ಕಣ್ಣಿಗೆ ಬಿತ್ತು. ಕಿವಿ ಹಿಂಡಿದರು. ಹಿಂಡಿ ಮುಗಿಸಿ, "ನಂಗೂ ಒಂದು ಮಾಡಿಕೊಡು. ಪಕ್ಕದ ಮನಿಯಾಕಿ ಬಂದಾಗ ತೋರಸ್ತೀನಿ" ಅಂದರು.

ಆ ಬೋರ್ಡುಗಳಿಗೆ ನಿಜವಾದ ಕೆಲಸ ಕೊಟ್ಟವರು ತಾಳಗುಂದದ ಒಬ್ಬ ರೈತರು. ವಯಸ್ಸು ಐವತ್ತರ ಆಸುಪಾಸು, ಗಿರಿಜಾ ಮೀಸೆ, ಹೆಗಲಲ್ಲಿ ಟವಲು. ಬೇಸಾಯದ ಜೊತೆ ಶಿಕಾರಿಪುರದಲ್ಲಿ ಕಾಳುಕಡ್ಡಿ ವ್ಯಾಪಾರವನ್ನೂ ಮಾಡುತ್ತಿದ್ದರು. ಕೆಟ್ಟ ಟಾರ್ಚು ತಂದವರು ಮೆಕ್ಕೆಜೋಳಕ್ಕೆ ಬರುವ ಮಂಗಗಳ ಪುರಾಣ ಶುರುಮಾಡಿದರು. ಡಬ್ಬ ಬಡಿದಾಯಿತು, ಪಟಾಕಿ ಹೊಡೆದಾಯಿತು, ಬೆದರುಗೊಂಬೆಗೆ ಅವರದೇ ಅಂಗಿ ತೊಡಿಸಿದ್ದಾಯಿತು.

"ಮುಸಿಯಾ ಬಂದು ಆ ಅಂಗಿ ಕಿಸೆದಾಗ ಕೈ ಹಾಕಿ ನೋಡತೈತಿ ರೀ, ಬೀಡಿ ಐತೇನು ಅಂತ" ಅಂದರು. ಇವರು ನಕ್ಕರೆ ಅವರು ನಗಲಿಲ್ಲ.

ನಾನು ಪರದೆ ಸರಿಸಿ ಹೊರಗೆ ಬಂದೆ. ಹೊಲದ ನಡುವೆ ಕಂಬದ ಮೇಲೆ ಒಂದು ಹಳೆಯ ಜೀಪಿನ ಹಾರ್ನು, ಅದಕ್ಕೊಂದು ಬ್ಯಾಟರಿ, ನನ್ನ ಬೋರ್ಡಿನ ಡಬ್ಬ. ಗುಂಡಿ ಅಟ್ಟಣಿಗೆಯ ಮೇಲೆ ಕಾವಲಿಗೆ ಕೂತವರ ಕೈಯಲ್ಲಿ. ಒತ್ತಿದರೆ ಹೊಲದ ನಡುವೆ ಜೀಪು ಅರಚುತ್ತದೆ. ಹೀಗೆಂದೆ. ಅವರು ಬಹಳ ಹೊತ್ತು ಮೀಸೆ ಸವರಿಕೊಂಡರು.

"ಬ್ಯಾರೆ ಯಾರಾರ ಒತ್ತಿದ್ರ?"

"ಬೇರೆಯವರದ್ದಕ್ಕೆ ಅದು ಓಗೊಡಲ್ಲ. ನಿಮ್ಮ ಹೊಲಕ್ಕೆ ಸರ್ವೆ ನಂಬರ್ ಇದ್ದಂಗೆ ಇದಕ್ಕೂ ಒಂದು ನಂಬರ್ ಇರ್ತದೆ" ಅಂದೆ.

ಸರ್ವೆ ನಂಬರ್ ಎಂದ ಕೂಡಲೇ ಅವರ ಮುಖದ ಗಂಟು ಬಿಚ್ಚಿತು. ನಮ್ಮ ಕಡೆ ಪಹಣಿ ಓದಲು ಬಾರದ ರೈತನಿಲ್ಲ. ಹಾಗಾಗಿ ಅದೇ ದಾರಿಯಲ್ಲಿ ಹೇಳಿದೆ. ಗುಂಡಿ ಒತ್ತಿದಾಗ ಗಾಳಿಯಲ್ಲಿ ಬರೀ ಕೂಗು ಹೋಗುವುದಿಲ್ಲ, ಒಂದು ಸಣ್ಣ ಕಟ್ಟು ಹೋಗುತ್ತದೆ. ಕಾಲೇಜಿನಲ್ಲಿ ಅದಕ್ಕೆ ಪ್ಯಾಕೆಟ್ ಅನ್ನುತ್ತಿದ್ದೆವು. ಅಳಗುಳಿಮಣೆಯ ಗುಳಿಗಳಂತೆ ಅದರಲ್ಲಿ ಹನ್ನೆರಡು ಗುಳಿ. ಮುಂದಿನ ಎಂಟು ಯಾರಿಗೆ ಎಂದು ಹೇಳುತ್ತವೆ, ಹಿಂದಿನ ನಾಲ್ಕು ಏನು ಮಾಡಬೇಕು ಎಂದು ಹೇಳುತ್ತವೆ. ಪ್ರತಿ ಗುಳಿಯಲ್ಲೂ ಒಂದು ಕಾಳು ಇರುತ್ತದೆ, ಇಲ್ಲವೇ ಇರುವುದಿಲ್ಲ. ಹೊಲದ ಡಬ್ಬ ಮೊದಲ ಎಂಟನ್ನು ತನ್ನ ನಂಬರಿನ ಜೊತೆ ಹೋಲಿಸಿ ನೋಡುತ್ತದೆ. ಹೊಂದಿದರೆ ಮಾತ್ರ ಮುಂದಿನ ಮಾತು. ಅದೂ ಒಂದೇ ಸಲಕ್ಕೆ ನಂಬುವುದಿಲ್ಲ. ಹರಾಜಿನಲ್ಲಿ ಒಂದು ಸಲ, ಎರಡು ಸಲ, ಮೂರು ಸಲ ಅನ್ನುವಂತೆ, ಒಂದೇ ಕಟ್ಟು ಮೂರು ಸಲ ಸರಿಯಾಗಿ ಬಂದ ಮೇಲೆಯೇ ಹಾರ್ನು ಕೂಗುವುದು.

"ಅಂದ್ರ ಪಕ್ಕದ ಹೊಲದವ್ನು ಒತ್ತಿದ್ರ ಕೂಗಂಗಿಲ್ಲ" ಎಂದು ಮತ್ತೆ ಕೇಳಿದರು.

"ಅವರ ನಂಬರ್ ಬೇರೆ ಇದ್ರೆ ಕೂಗಲ್ಲ."

ಪಕ್ಕದ ಹೊಲದವನ ಮೇಲೆ ಅವರಿಗೇಕೆ ಅಷ್ಟು ಕಣ್ಣು ಎಂದು ನಾನು ಕೇಳಲಿಲ್ಲ. ಎಂಟು ಪುಟ್ಟ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ನಂಬರು ಕೂರಿಸಿ, ರಿಮೋಟಿನಲ್ಲೂ ಹಾಗೇ ಕೂರಿಸಿ ಕೊಟ್ಟೆ. ಮಾದರಿಗೆಂದು ಅದೇ ನಂಬರಿನ ಒಂದು ಬೋರ್ಡನ್ನು ಅಂಗಡಿಯ ಮೇಜಿನ ಮೇಲೆ ಇಟ್ಟುಕೊಂಡೆ.

ಹಾರ್ನು ಕೂಗಿತು, ಮಂಗಗಳು ಓಡಿದವು. ತಾಳಗುಂದದ ಬಸ್ಸಿನಲ್ಲಿ ಬಂದವರೆಲ್ಲ ಅದೇ ಸುದ್ದಿ ಹೇಳಿದರು. ಅಷ್ಟರಲ್ಲಿ ನಾನು ನನ್ನಣ್ಣನ ಮಗುವಿನ ತೊಟ್ಟಿಲಿಗೆಂದು ಸೊರಬಕ್ಕೆ ಹೋಗಿದ್ದೆ. ವಾಪಸು ಬಂದಾಗ ಇವರು ಬಹಳ ಖುಷಿಯಲ್ಲಿದ್ದರು. ಇನ್ನೊಂದು ಹಾರ್ನನ್ನು ತಾವೇ ಜೋಡಿಸಿ ಕೊಟ್ಟಿದ್ದರಂತೆ. ಬಂದವರೂ ತಾಳಗುಂದದವರೇ. ಮೊದಲನೆಯವರ ಸ್ವಂತ ತಮ್ಮ, ಟ್ರಾಕ್ಟರ್ ಇಟ್ಟುಕೊಂಡವರು.

"ಅವ್ರು ಏನಂದ್ರು ಗೊತ್ತೇನು? ನಮ್ಮಣ್ಣಂಗೆ ಕೊಟ್ಟಿದ್ದನ್ನೇ ಕೊಡ್ರಿ, ಒಂದು ಕೂದಲೆಳೆ ವ್ಯತ್ಯಾಸ ಇರಬಾರದು ಅಂದ್ರು."

"ನೀವೇನು ಮಾಡಿದ್ರಿ?"

"ಒಂದು ಕೂದಲೆಳೆ ವ್ಯತ್ಯಾಸ ಇಲ್ಲದಂಗೆ ಮಾಡಿಕೊಟ್ಟೆ" ಎಂದು ಮೇಜಿನ ಮೇಲಿನ ಮಾದರಿ ಬೋರ್ಡು ತೋರಿಸಿದರು. ಎಂಟೂ ಸ್ವಿಚ್ಚು ನೋಡಿ ನೋಡಿ ನಕಲು ಮಾಡಿದ್ದರು ಮಹಾರಾಯರು!

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಎರಡು ಹೊಲಕ್ಕೂ ಒಂದೇ ನಂಬರು. ಯಾರು ಒತ್ತಿದರೂ ಎರಡೂ ಹಾರ್ನು ಕೂಗುತ್ತವೆ. ಆಗಲೇ ನನಗೆ ಇನ್ನೊಂದು ಸಂಗತಿ ಗೊತ್ತಾದದ್ದು. ಅಣ್ಣತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಹಿಸ್ಸೆಯಾದಾಗ ಬದುವಿನ ಮೇಲಿನ ಹುಣಸೆಮರ ಯಾರ ಪಾಲಿಗೆ ಎಂದು ಶುರುವಾದ ಜಗಳ. ಮರ ಯಾರಿಗೂ ದಕ್ಕಲಿಲ್ಲ. ಹುಣಸೆಹಣ್ಣು ನೆಲಕ್ಕೆ ಬಿದ್ದು ಇರುವೆಯ ಪಾಲಾಗುತ್ತಿತ್ತು. ಇಬ್ಬರಲ್ಲಿ ಒಬ್ಬರೂ ಆ ಮರದ ನೆರಳಿಗೆ ಕಾಲಿಡುತ್ತಿರಲಿಲ್ಲ.

ವಾರ ತುಂಬುವ ಮೊದಲೇ ಅಣ್ಣ ಬಂದರು. ಮೀಸೆ ನಿಮಿರಿತ್ತು.

"ಮೇಡಮ್ಮಾರ, ನನ್ನ ಹಾರ್ನ್ ಅವ್ನು ಒತ್ತಾಕಹತ್ಯಾನ! ನನ್ನ ಬ್ಯಾಟರಿ ಖಾಲಿ ಮಾಡೂ ಹುನ್ನಾರ ಇದು."

ಅವರು ಹೋದ ಮೇಲೆ ಸಂಜೆಗೆ ತಮ್ಮ ಬಂದರು. ತೆಳ್ಳಗಿನ ಆಳು, ಮೀಸೆ ಮಾತ್ರ ಅಣ್ಣನದೇ ಅಚ್ಚು. "ಅವ್ರು ಕುಂತಲ್ಲೇ ನನ್ನ ಹಾರ್ನ್ ಕೂಗಸ್ತಾರ ರೀ. ನನ್ನ ಎಮ್ಮಿ ಬೆದರಿ ಹಾಲು ಇಳಸವಲ್ದು."

ಇಬ್ಬರಿಗೂ ನಾನು ಹೇಳಿದ್ದು ಒಂದೇ. ಇಬ್ಬರಲ್ಲಿ ಒಬ್ಬರು ಡಬ್ಬ, ರಿಮೋಟು ತನ್ನಿ. ಒಂದು ಸ್ವಿಚ್ಚು ಬದಲಿಸುತ್ತೇನೆ, ಉಗುರು ತಾಗಿಸುವಷ್ಟು ಕೆಲಸ. ಅಣ್ಣ ಒಪ್ಪಲಿಲ್ಲ. "ಮೊದಲ ತಂದಾವ ನಾನು. ಆ ನಂಬರ್ ನಂದು. ಅವ್ನು ಬದಲಸ್ಲಿ." ತಮ್ಮನೂ ಒಪ್ಪಲಿಲ್ಲ. "ಪ್ರತಿ ಸಲ ನಾನ ಯಾಕ ಸೋಲಬೇಕು? ಹುಣಸೆಮರದಾಗ ಸೋತೀನಿ, ಇದ್ರಾಗ ಸೋಲಂಗಿಲ್ಲ." ಹುಣಸೆಮರದಲ್ಲಿ ನಾನೇ ಸೋತೆ ಎಂದು ಅಣ್ಣನೂ ಹೇಳಿ ಹೋಗಿದ್ದರು. ಗಾಳಿಯಲ್ಲಿ ಹೋಗುವ, ಕಣ್ಣಿಗೆ ಕಾಣದ ಎಂಟು ಗುಳಿಗಳಿಗೂ ಖಾತೆ ಮಾಡಿಸಿಕೊಳ್ಳಲು ಹೊರಟ ದಾಯಾದಿಗಳನ್ನು ನಾನು ನೋಡಿದ್ದು ಅದೇ ಮೊದಲು.

ಸಂತೆಯ ದಿನ ಇಬ್ಬರು ಹೆಂಗಸರು ಅಂಗಡಿಗೆ ಬಂದರು. ಒಬ್ಬರು ಬಂದು ರೇಡಿಯೋ ನೋಡುವಂತೆ ನಿಂತರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದು ಟೇಪ್ ರೆಕಾರ್ಡರ್ ನೋಡುವಂತೆ ನಿಂತರು. ಪರಿಚಯವೇ ಇಲ್ಲದವರ ಹಾಗೆ ಬೆನ್ನು ತಿರುಗಿಸಿಕೊಂಡಿದ್ದರು. ಇವರು ಚಹಾ ಹೇಳಲು ಹೊರಗೆ ಹೋದದ್ದೇ ತಡ, ಇಬ್ಬರೂ ಸರ್ರನೆ ಪರದೆಯೊಳಗೆ ನುಗ್ಗಿ ನನ್ನ ಆಚೆಗೊಬ್ಬರು ಈಚೆಗೊಬ್ಬರು ಕೂತುಬಿಟ್ಟರು.

"ನೀನು ಸೊರಬದ ಹುಡುಗಿ ಅಂತಲ್ಲ ತಂಗಿ?" ಎಂದರು ದೊಡ್ಡವರು.

"ಹೌದು."

"ನಮ್ದೂ ಅದೇ ಕಡೆ, ಜಡೆ ಅಂತ ಊರು. ನಾವಿಬ್ರೂ ಒಂದೇ ತಾಯಿ ಮಕ್ಕಳು ಮಾರಾಯ್ತಿ. ಅಕ್ಕತಂಗೀರನ್ನ ತಾಳಗುಂದದ ಈ ಅಣ್ಣತಮ್ಮಂಗೆ ಕೊಟ್ರು. ಒಂದೇ ಮನೇಲಿ ಇರ್ತೀರಿ ಅಂತ ನಮ್ಮಪ್ಪ ಎಷ್ಟು ಖುಷಿ ಪಟ್ಟಿದ್ದ! ಈಗ ನೋಡು, ಮಧ್ಯ ಗೋಡೆ. ಮಾತಾಡಿದ್ರೆ ಇವರಿಗೆ ಸಿಟ್ಟು."

ಹಾರ್ನಿನ ಗುಟ್ಟು ಬಿಚ್ಚಿದವರು ಚಿಕ್ಕವರು. ಗಂಡಂದಿರಲ್ಲಿ ಒಬ್ಬರು ವ್ಯಾಪಾರಕ್ಕೆ, ಇನ್ನೊಬ್ಬರು ಟ್ರಾಕ್ಟರ್ ಬಾಡಿಗೆಗೆ ಹೋದರೆ ಹಗಲಿನ ಕಾವಲು ಹೆಂಗಸರದೇ. ಬೆಳೆದು ನಿಂತ ಜೋಳದಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಒಂದು ಮಧ್ಯಾಹ್ನ ಚಿಕ್ಕವರು ಗಿಳಿ ಓಡಿಸಲು ಗುಂಡಿ ಒತ್ತಿದರೆ ಅಕ್ಕನ ಹೊಲದ ಹಾರ್ನೂ ಕೂಗಿತು. ಅಕ್ಕ ತಮಾಷೆಗೆ ವಾಪಸು ಒತ್ತಿದರು. ಅಲ್ಲಿಂದ ಶುರು. ಒಂದು ಕೂಗು ಕೂಗಿದರೆ ಊಟವಾಯಿತೇ ಎಂದು. ಎರಡು ಗಿಡ್ಡ ಕೂಗು ಬಂದರೆ ಹುಣಸೆಮರದಡಿಗೆ ಬಾ ಎಂದು. ಗಂಡಂದಿರು ಕಾಲಿಡದ ಆ ನೆರಳಿಗಿಂತ ಕ್ಷೇಮದ ಜಾಗ ಊರಲ್ಲೇ ಇರಲಿಲ್ಲ.

"ಉದ್ದಕ್ಕೆ ಕೂಗಿದ್ರೆ?" ಎಂದು ಕೇಳಿದೆ.

"ಯಜಮಾನ್ರು ಬಂದ್ರು, ಓಡು ಅಂತ" ಎಂದು ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಗು ತಡೆಯಲಾಗದೆ ಮೇಜಿಗೆ ಒರಗಿದ ರಭಸಕ್ಕೆ ನನ್ನ ಸ್ಕ್ರೂಗಳೆಲ್ಲ ಚೆಲ್ಲಿದವು.

"ನಂಬರ್ ಬದಲಾಯಿಸ್ಬೇಡ ತಂಗಿ. ದೇವರ ಆಣೆ" ಎಂದರು ದೊಡ್ಡವರು.

ಇದು ನನಗೆ ಬಂದ ಫಜೀತಿ. ಗಂಡಸರಿಗೆ ಬೇರೆ ಬೇರೆ ಬೇಕು, ಹೆಂಗಸರಿಗೆ ಒಂದೇ ಬೇಕು. ನಂಬರು ಬದಲಿಸಿದರೆ ಅಕ್ಕತಂಗಿಯರ ದಾರಿ ಮುಚ್ಚುತ್ತದೆ. ಬಿಟ್ಟರೆ ಎಮ್ಮೆ ಹಾಲು ಇಳಿಸುವುದಿಲ್ಲ. ಮಧ್ಯಾಹ್ನ ಪೂರ್ತಿ ಆ ಹನ್ನೆರಡು ಗುಳಿಗಳನ್ನೇ ದಿಟ್ಟಿಸುತ್ತ ಕೂತಿದ್ದೆ. ಥಟ್ಟನೆ ಹೊಳೆಯಿತು. ನಾನು ಇಷ್ಟು ದಿನ ಮುಂದಿನ ಎಂಟನ್ನೇ ನೋಡುತ್ತಿದ್ದೆ. ಹಿಂದಿನ ನಾಲ್ಕರಲ್ಲಿ ಬಳಸಿದ್ದು ಒಂದೇ, ಮಿಕ್ಕವು ಬೀಳು ಬಿದ್ದಿದ್ದವು! ಸರ್ವೆ ನಂಬರು ಒಂದೇ ಇರಲಿ, ಹಿಸ್ಸೆ ಬೇರೆ ಮಾಡೋಣ. ಮೊದಲ ಗುಳಿಯಲ್ಲಿ ಕಾಳು ಬಂದರೆ ಅಣ್ಣನ ಹಾರ್ನು. ಎರಡನೆಯದರಲ್ಲಿ ಬಂದರೆ ತಮ್ಮನ ಹಾರ್ನು. ಮೂರನೆಯದರಲ್ಲಿ ಬಂದರೆ ಎರಡೂ ಡಬ್ಬದೊಳಗೆ ಕೂರಿಸಿದ ಒಂದು ಪುಟ್ಟ ಬಜರ್ ಜೀರುಂಡೆಯ ಹಾಗೆ ಚಿರ್ ಅನ್ನಬೇಕು. ಕಂಬವನ್ನು ಅಟ್ಟಣಿಗೆಯ ಪಕ್ಕಕ್ಕೆ ನೆಡಲು ಹೇಳಿದರೆ ಸರಿ, ಅಲ್ಲಿ ಕೂತವರಿಗೆ ಕೇಳಿಸುತ್ತದೆ, ಬೇರೆಯವರಿಗಿಲ್ಲ.

ಅಣ್ಣನಿಗೂ ತಮ್ಮನಿಗೂ ಹೇಳಿ ಕಳಿಸಿದೆ. ಇಬ್ಬರದನ್ನೂ ಬದಲಿಸುತ್ತೇನೆ, ಒಬ್ಬರದನ್ನಲ್ಲ ಎಂದೆ. ಇನ್ನೊಬ್ಬನೂ ಬದಲಿಸುತ್ತಾನೆ ಎಂದ ಕೂಡಲೇ ಇಬ್ಬರೂ ಡಬ್ಬ ತಂದುಕೊಟ್ಟರು. ಕೆಲಸ ಮುಗಿಸಿ ಕೊಡುವಾಗ ಅಣ್ಣ ರಿಮೋಟಿನ ಪಕ್ಕದಲ್ಲಿದ್ದ ಹೊಸ ಚಿಕ್ಕ ಗುಂಡಿಯನ್ನು ಅನುಮಾನದಿಂದ ನೋಡಿದರು.

"ಇದೇನ್ರೀ?"

"ಟೆಸ್ಟ್ ಬಟನ್. ಒತ್ತಿದ್ರೆ ಡಬ್ಬ ಚಿರ್ ಅಂತದೆ. ಡಬ್ಬ ಎಚ್ಚರ ಇದೆ ಅಂತ ಗೊತ್ತಾಗ್ತದೆ."

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಯಾರ ಡಬ್ಬ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒತ್ತಿ ನೋಡಿದರು. ಚಿರ್ ಅಂದಿತು. "ಭಾರಿ ಶಾಣ್ಯಾ ಐತಿ" ಎಂದು ಮಗುವಿನ ತಲೆ ಸವರುವಂತೆ ಡಬ್ಬವನ್ನು ಸವರಿ ಒಯ್ದರು.

ಆಮೇಲೆ ಕೆಲವು ವಾರ ಯಾವ ತಕರಾರೂ ಬರಲಿಲ್ಲ. ಬದಲಿಗೆ ಅಕ್ಕತಂಗಿಯರಿಂದ ಅವರೆಕಾಯಿ, ಬೆಣ್ಣೆ, ಒಮ್ಮೆ ಹುಣಸೆಹಣ್ಣಿನ ಒಂದು ದೊಡ್ಡ ಉಂಡೆ ಬಂದವು. ಅತ್ತೆ ಆ ಉಂಡೆ ನೋಡಿ, "ಯಾರ್ ಕೊಟ್ರು?" ಅಂದರು. ಕಥೆ ಹೇಳಿದೆ. ಅಷ್ಟೇ, ಅಂದಿನಿಂದ ಅಂಗಡಿಯ ಸುದ್ದಿ ಕೇಳದೆ ಅವರಿಗೆ ರಾತ್ರಿ ಊಟ ಇಳಿಯುತ್ತಿರಲಿಲ್ಲ.

ತೆನೆ ಮುರಿಯುವ ಕಾಲ ಬಂತು. ಅಣ್ಣತಮ್ಮ ಇಬ್ಬರೂ ಹೊಲದಲ್ಲೇ ಉಳಿಯತೊಡಗಿದರು. ಆಗ ಹೊಸ ದೂರು ಶುರುವಾಯಿತು, ಅದೂ ಇಬ್ಬರಿಂದ, ಅದೂ ಒಂದೇ ಮಾತಿನಲ್ಲಿ. ಮಂಗ ಬಂದಾಗ ಎಷ್ಟು ಒತ್ತಿದರೂ ಹಾರ್ನು ಕೂಗುವುದಿಲ್ಲ. ಮಂಗ ಹೋದ ಮೇಲೆ ಒತ್ತಿದರೆ ಚೆನ್ನಾಗಿ ಕೂಗುತ್ತದೆ.

"ನಿನ್ನ ಹಾರ್ನು ಮಂಗನ ಕಡೆಗೆ ಸೇರಿಕೊಂಡದೆ" ಎಂದು ಇವರು ನನ್ನನ್ನು ಕಿಚಾಯಿಸಿದರು. ನನಗೆ ನಗು ಬರಲಿಲ್ಲ. ಮರುದಿನ ಚೀಲಕ್ಕೆ ಮೀಟರು, ಸ್ಕ್ರೂಡ್ರೈವರು ಹಾಕಿಕೊಂಡು ತಾಳಗುಂದದ ಬಸ್ಸು ಹತ್ತಿದೆ.

ಬದುವಿನ ಮೇಲೆ ನಿಂತು ನೋಡಿದರೆ ಬಲಕ್ಕೆ ಅಣ್ಣ, ಎಡಕ್ಕೆ ತಮ್ಮ, ಇಬ್ಬರ ಕೈಯಲ್ಲೂ ರಿಮೋಟು. ಹೆಂಗಸರು ಆಳುಗಳ ಜೊತೆ ತೆನೆ ಮುರಿಯುತ್ತಿದ್ದರು. ಡಬ್ಬ ಬಿಚ್ಚಿ ನೋಡಿದೆ, ಎಲ್ಲ ಸರಿಯಿತ್ತು. ಅಣ್ಣನಿಗೆ ಒತ್ತಲು ಹೇಳಿದೆ, ಕೂಗಿತು. ತಮ್ಮನಿಗೆ ಹೇಳಿದೆ, ಕೂಗಿತು. ಏನೂ ತೋಚದೆ ನಿಂತಿದ್ದಾಗ ಕೆರೆಯ ಕಡೆಯಿಂದ ಮಂಗಗಳ ಹಿಂಡು ಇಳಿಯಿತು. ಮುಂದೆ ಒಂದು ದಡೂತಿ ಮುಸಿಯ, ಹಿಂದೆ ಮರಿ ಕಟ್ಟಿಕೊಂಡ ತಾಯಂದಿರು, ಮದುವೆ ದಿಬ್ಬಣದ ಹಾಗೆ. ಅಣ್ಣತಮ್ಮ ಇಬ್ಬರೂ ಒಟ್ಟಿಗೆ ರಿಮೋಟು ಎತ್ತಿದರು. ಒಟ್ಟಿಗೆ ಒತ್ತಿದರು. ಒತ್ತಿಯೇ ಹಿಡಿದರು.

ಎರಡು ಹಾರ್ನೂ ಮೂಕ.

ಆಗ ನನಗೆ ಅರ್ಥವಾಯಿತು. ಇಬ್ಬರ ಕಟ್ಟುಗಳೂ ಒಂದೇ ಗಾಳಿಯಲ್ಲಿ ಒಂದರ ಮೇಲೊಂದು ಬಿದ್ದು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಯಾವುದೂ ಡಬ್ಬಕ್ಕೆ ಮೂರು ಸಲ ಸರಿಯಾಗಿ ಮುಟ್ಟುತ್ತಿರಲಿಲ್ಲ. ಹೆಂಗಸರು ಕಾವಲಿಗೆ ಕೂತಾಗ ಒಬ್ಬರು ಕೂಗಿಸಿ, ನಿಲ್ಲಿಸಿ, ಇನ್ನೊಬ್ಬರ ಉತ್ತರ ಕಾಯುತ್ತಿದ್ದರು. ಹಾಗಾಗಿ ಈ ತೊಂದರೆ ಕಂಡೇ ಇರಲಿಲ್ಲ.

"ಇಬ್ರೂ ಒಟ್ಟಿಗೆ ಕೂಗಿದ್ರೆ ಅದಕ್ಕೆ ಯಾರ ಮಾತೂ ತಿಳಿಯಲ್ಲ!" ಎಂದು ಕಿರುಚಿದೆ. "ಒಬ್ರು ಬಿಡಿ, ಒಬ್ರು ಒತ್ತಿ!"

ಅಣ್ಣ ನನ್ನ ಕಡೆ ತಿರುಗಿ, "ಅವ್ನಿಗೆ ಬಿಡಾಕ ಹೇಳ್ರಿ" ಅಂದರು. ಗುಂಡಿ ಬಿಡಲಿಲ್ಲ.

ತಮ್ಮ, "ಅವ್ರಿಗೇ ಹೇಳ್ರಿ. ದೊಡ್ಡವ್ರು ಅವ್ರು" ಅಂದರು. ಅವರೂ ಬಿಡಲಿಲ್ಲ.

"ನೀವೇ ಹೇಳ್ಕೊಳ್ರಿ! ನಾನೇನು ಅಂಚೆಯವಳಾ?" ಎಂದೆ.

ಅಷ್ಟರಲ್ಲಿ ದಡೂತಿ ಮುಸಿಯ ಅಣ್ಣನ ರಾಶಿಯ ಮೇಲೇರಿ ಕೂತು ತೆನೆಯ ಸಿಪ್ಪೆ ಸುಲಿಯತೊಡಗಿತು. ಸುಲಿದು, ಒಂದು ಕಚ್ಚು ಕಚ್ಚಿ, ಎಸೆದು, ಇನ್ನೊಂದು ಎತ್ತಿಕೊಂಡಿತು. ಅದು ನಮ್ಮ ಮೂವರನ್ನೂ ನೋಡುತ್ತಿದ್ದ ಬಗೆಯಲ್ಲಿ ಯಾವ ಭಯವೂ ಇರಲಿಲ್ಲ. ತಮ್ಮನಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ. ತನ್ನ ರಾಶಿ ಅಲ್ಲದಿದ್ದರೂ ಸಹಿಸಲಾಗಲಿಲ್ಲ. ರಿಮೋಟನ್ನು ನೆಲಕ್ಕೆ ಬಡಿದು ಕೂಗಿದರು.

"ಅಣ್ಣಾ! ನೀ ಒತ್ತೋ! ನಾ ಬಿಟ್ಟೀನಿ, ಒತ್ತೋ!"

ಹಾರ್ನು ಕೂಗಿತು. ಹಿಂಡು ಹಾರಿ ತಮ್ಮನ ಹೊಲಕ್ಕೆ ಬಿತ್ತು.

"ಈಗ ನೀ ಒತ್ತಲೇ! ಲಗೂನ ಒತ್ತು!" ಎಂದು ಅಣ್ಣ ಬದು ದಾಟಿ ಓಡಿ ಬಂದರು. ತಮ್ಮ ರಿಮೋಟು ಹುಡುಕಿ ಒತ್ತಿದರು. ಹಿಂಡು ಮತ್ತೆ ಈಚೆ. "ಈಗ ನೀ!" "ಈಗ ನೀ!" ಹೀಗೆ ಎರಡು ಹೊಲದ ನಡುವೆ ಮಂಗಗಳನ್ನು ಚೆಂಡಿನ ಹಾಗೆ ಆಡಿಸಿದರು, ಕೊನೆಗೆ ಅವೇ ಬೇಸತ್ತು ಕೆರೆಯ ಕಡೆ ಹೊರಟುಹೋದವು. ಏದುಸಿರು ಬಿಡುತ್ತ ಇಬ್ಬರೂ ನಿಂತಾಗ ತಾವು ಎಲ್ಲಿ ನಿಂತಿದ್ದೇವೆಂದು ಅವರಿಗೆ ಗೊತ್ತಾಯಿತು. ಹುಣಸೆಮರದಡಿ. ಅಲ್ಲಿ ಎರಡು ಚೊಂಬು, ಒಂದು ಚಾಪೆ, ಒಂದು ಎಲೆಅಡಿಕೆ ಚೀಲ ಇದ್ದವು.

"ಇದ್ಯಾರ್ದು?" ಎಂದರು ಅಣ್ಣ.

ಹೆಂಗಸರಿಬ್ಬರೂ ತೆನೆ ಮುರಿಯುವುದರಲ್ಲಿ ಎಷ್ಟು ಮುಳುಗಿದ್ದರೆಂದರೆ ಅವರಿಗೆ ಏನೂ ಕೇಳಿಸಲಿಲ್ಲ. ತಮ್ಮ ಎಲೆಅಡಿಕೆ ಚೀಲ ಎತ್ತಿ ನೋಡಿದರು. ಅದರ ಮೇಲಿನ ಕಸೂತಿ ತಮ್ಮ ಹೆಂಡತಿಯ ಕೈಯದೆಂದು ಗೊತ್ತಾಗಿರಬೇಕು. ಒಂದು ಎಲೆಗೆ ಸುಣ್ಣ ಸವರಿ ಅಣ್ಣನ ಕಡೆ ಚಾಚಿದರು. ಅಣ್ಣ ತೆಗೆದುಕೊಂಡು, "ಸುಣ್ಣ ಜಾಸ್ತಿ ಹಚ್ಚೀದಿ" ಎಂದು ಗೊಣಗುತ್ತಲೇ ಬಾಯಿಗೆ ಹಾಕಿಕೊಂಡರು.

ಆಮೇಲೆ ಇಬ್ಬರೂ ರಾಮಲಕ್ಷ್ಮಣರಾದರು ಎಂದು ಹೇಳಿದರೆ ಅದು ಸುಳ್ಳು. ಮಾತು ಬಿಟ್ಟಿದ್ದವರು ಈಗ ಜೋರಾಗಿ ಜಗಳವಾಡತೊಡಗಿದರು. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಬೈಗುಳವೆಲ್ಲ ದಿನಕ್ಕಿಷ್ಟರಂತೆ ಹೊರಬಂತು. ಅದಕ್ಕೆ ಎದುರಾಬದುರು ಕೂರಬೇಕಾಗುತ್ತಿತ್ತು, ಕೂತ ಮೇಲೆ ಚಹಾ ಕುಡಿಯಬೇಕಾಗುತ್ತಿತ್ತು. ಆ ಸಲದ ಹುಣಸೆಹಣ್ಣನ್ನು ಯಾರು ಬಡಿಯಬೇಕೆಂಬ ಜಗಳ ಮುಗಿಯುವ ಮೊದಲೇ ಹೆಂಗಸರು ಬಡಿದು, ಬೀಜ ತೆಗೆದು, ಉಪ್ಪು ಹಾಕಿ ಇಟ್ಟಾಗಿತ್ತು. ಹಾರ್ನುಗಳಂತೂ ಮರುವರ್ಷಕ್ಕೆ ಮಂಗಗಳಿಗೆ ರೂಢಿಯಾಗಿಹೋದವು. ಕೂಗಿದರೆ ತಲೆ ಎತ್ತಿ ಸಹ ನೋಡುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನಾನು ತವರಿಗೆ ಹೊರಟಿದ್ದೆ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಸೊರಬದ ಬಸ್ಸಿಗೆ ಅಕ್ಕತಂಗಿಯರಿಬ್ಬರೂ ಹತ್ತಿದರು. ತವರೂರು ಜಡೆಗೆ, ಇಬ್ಬರೂ ಒಟ್ಟಿಗೆ. ಕಳಿಸಲು ಬಂದ ಗಂಡಂದಿರು ಕಿಟಕಿಯ ಹೊರಗೆ ನಿಂತಿದ್ದರು.

"ಎಡಕ್ಕ ಕುಂದ್ರಿ. ಬಲಕ್ಕ ಬಿಸಿಲು ಹೊಡಿತೈತಿ" ಎಂದರು ಅಣ್ಣ.

"ಸೊರಬದ ದಾರಿಗೆ ಬಿಸಿಲು ಎಡಕ್ಕ ಬರತೈತಿ. ಬಲಕ್ಕ ಕುಂದ್ರಿ" ಎಂದರು ತಮ್ಮ.

"ನಿಂಗೇನ್ ಗೊತ್ತು, ನೀ ಯಾವಾಗ ಬಸ್ಸಿನಾಗ ಹೋಗೀದಿ?"

"ನೀ ಹೋಗೀದೇನು? ಹೋದಾಗೆಲ್ಲ ನಿದ್ದಿ ಹೊಡ್ಕೊಂತ ಹೋಗೀದಿ!"

ಬಸ್ಸು ಹೊರಟರೂ ಅವರ ವಾದ ನಿಂತಿರಲಿಲ್ಲ. ಅಕ್ಕತಂಗಿಯರು ಸೀದಾ ಹಿಂದಕ್ಕೆ ಬಂದು, ಉದ್ದ ಸೀಟಿನಲ್ಲಿ ನನ್ನನ್ನು ನಡುವೆ ಕೂರಿಸಿಕೊಂಡು ಬುತ್ತಿಯ ಗಂಟು ಬಿಚ್ಚಿದರು.

"ತಿನ್ನು ತಂಗಿ" ಎಂದರು ದೊಡ್ಡವರು, "ಸೊರಬ ಬರೋದ್ರೊಳಗೆ ಖಾಲಿ ಆಗ್ಬೇಕು."